ನೋವಿಲ್ಲ ಅಂದರೆ ಸೋಂಕಿಲ್ಲ ಅಂತಲ್ಲ: ಲೈಂಗಿಕ ಸೋಂಕುಗಳ ಬಗ್ಗೆ ಹದಿಹರೆಯದವರಿಗೆ

ಒಂದು ಸಣ್ಣ ಹುಣ್ಣು. ಅಂಗಿಯ ಗುಂಡಿಯಷ್ಟು ದುಂಡಗೆ, ಅಂಚು ಸ್ವಲ್ಪ ಗಟ್ಟಿ. ಮುಟ್ಟಿದರೆ ನೋವಿಲ್ಲ, ತುರಿಕೆಯೂ ಇಲ್ಲ. ಎದ್ದಿರುವುದು ಜನನಾಂಗದ ಹತ್ತಿರ. ಹಾಗಾಗಿ ಯಾರಿಗೂ ಹೇಳುವಂತಿಲ್ಲ. ನೋವೇ ಇಲ್ಲವಲ್ಲ, ನೋಡೋಣ ಅಂತ ಕಾಯುತ್ತಾರೆ. ಮೂರರಿಂದ ಆರು ವಾರದಲ್ಲಿ ಹುಣ್ಣು ತಾನಾಗಿಯೇ ಮಾಯವಾಗುತ್ತದೆ. ಸದ್ಯ, ಬಚಾವಾದೆ ಅಂತ ನಿಟ್ಟುಸಿರು.

ವಾಸಿಯಾದದ್ದು ಹುಣ್ಣು ಮಾತ್ರ. ಅದಕ್ಕೆ ಕಾರಣವಾದ ಸಿಫಿಲಿಸ್ ಬ್ಯಾಕ್ಟೀರಿಯಾ ಅಷ್ಟರಲ್ಲಿ ರಕ್ತಕ್ಕೆ ಸೇರಿರುತ್ತದೆ. ಕೆಲವು ವಾರಗಳ ನಂತರ ಅಂಗೈ, ಅಂಗಾಲುಗಳಲ್ಲಿ ದದ್ದು ಕಾಣಿಸಬಹುದು. ಅದೂ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದೇ ಇರುವುದಿಲ್ಲ. ಗೆದ್ದಲು ಹಿಡಿದ ಬಾಗಿಲು ನೋಡಿದ್ದೀರಲ್ವಾ? ಹೊರಗೆ ಬಣ್ಣ ಹಾಗೇ ಇರುತ್ತದೆ, ಒಳಗೆ ಮರ ಟೊಳ್ಳಾಗುತ್ತಿರುತ್ತದೆ. ಚಿಕಿತ್ಸೆ ಸಿಗದ ಕೆಲವರಲ್ಲಿ ಎಷ್ಟೋ ವರ್ಷಗಳ ಮೇಲೆ ಹೃದಯ, ಮೆದುಳು, ನರಗಳಿಗೇ ಪೆಟ್ಟು ಬೀಳುತ್ತದೆ.

ಹುಣ್ಣು ಕಂಡ ವಾರವೇ ವೈದ್ಯರ ಹತ್ತಿರ ಹೋಗಿದ್ದರೆ? ಸಾಮಾನ್ಯವಾಗಿ ಒಂದು ಸಲ ಕೊಡುವ ಪೆನಿಸಿಲಿನ್ ಇಂಜೆಕ್ಷನ್‌ಗೆ ಕತೆ ಮುಗಿಯುತ್ತಿತ್ತು. ಒಂದು ಇಂಜೆಕ್ಷನ್‌ನಲ್ಲಿ ಮುಗಿಯುವ ಕಾಯಿಲೆ ಹೃದಯದವರೆಗೆ ಹೋಗಲು ಕಾರಣ, ಅದರ ಬಗ್ಗೆ ಗೊತ್ತಿಲ್ಲದಿರುವುದು ಮತ್ತು ಹೇಳಿಕೊಳ್ಳಲು ನಾಚಿಕೆ. ಗೊತ್ತಿಲ್ಲದ್ದನ್ನು ಇಲ್ಲಿ ತಿಳಿದುಕೊಳ್ಳೋಣ. ಅರ್ಧದಷ್ಟು ನಾಚಿಕೆ ಅದರಿಂದಲೇ ಕಳೆಯುತ್ತದೆ ಅನ್ನುವುದು ನನ್ನ ನಂಬಿಕೆ.

‘ಗುಪ್ತ ರೋಗ’ ಅನ್ನುವ ಹೆಸರು

ನಮ್ಮ ಮಾತಿನಲ್ಲಿ ಸಿಫಿಲಿಸ್‌ನಂಥ ಸೋಂಕುಗಳಿಗೆ ಗುಪ್ತ ರೋಗ ಅನ್ನುವ ಹೆಸರಿದೆ. ನನಗೆ ಈ ಹೆಸರು ಇಷ್ಟವಿಲ್ಲ. ಮುಚ್ಚಿಡು ಅಂತ ಹೆಸರೇ ಹೇಳಿಕೊಡುತ್ತದೆ. ವೈದ್ಯರು ಈಗ ಬಳಸುವುದು ‘ಲೈಂಗಿಕವಾಗಿ ಹರಡುವ ಸೋಂಕು’ ಅನ್ನುವ ಮಾತು. ಚಿಕ್ಕದಾಗಿ ಎಸ್‌ಟಿಐ. ಹಳಬರು ಎಸ್‌ಟಿಡಿ, ಅಂದರೆ ಲೈಂಗಿಕವಾಗಿ ಹರಡುವ ರೋಗ ಅಂತಲೂ ಅನ್ನುತ್ತಾರೆ.

ಸೋಂಕು ಬೇರೆ, ರೋಗ ಬೇರೆ. ರೋಗಾಣು ಮೈಯೊಳಗೆ ಸೇರಿ ಬೆಳೆಯುತ್ತಿದ್ದರೆ ಅದು ಸೋಂಕು. ಅದರಿಂದ ಉರಿ, ಜ್ವರ, ಹುಣ್ಣು ಅಂತ ತೊಂದರೆ ಶುರುವಾದರೆ ಅದು ರೋಗ. ಎಷ್ಟೋ ಜನರಲ್ಲಿ ಸೋಂಕು ಇರುತ್ತದೆ, ರೋಗದ ಗುರುತು ಒಂದೂ ಇರುವುದಿಲ್ಲ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ. ಮೇಲೆ ನೋಡಿದರೆ ತಣ್ಣಗಿರುವ ಬೂದಿ. ಕೈಯಿಟ್ಟವರಿಗೆ ಮಾತ್ರ ಗೊತ್ತು.

ಇದು ಅಪರೂಪದ ವಿಷಯವೂ ಅಲ್ಲ. 15ರಿಂದ 49 ವರ್ಷದವರಲ್ಲಿ, ಗುಣಪಡಿಸಬಹುದಾದ ಲೈಂಗಿಕ ಸೋಂಕುಗಳೇ ಜಗತ್ತಿನಲ್ಲಿ ದಿನಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಹೊಸದಾಗಿ ತಗಲುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಂದು ದಿನಕ್ಕೆ! ಇವುಗಳಲ್ಲಿ ಹೆಚ್ಚಿನವು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ.

ಎಂಟು ಹೆಸರುಗಳು

ಲೈಂಗಿಕ ಸಂಪರ್ಕದಿಂದ ದಾಟಬಲ್ಲ ರೋಗಾಣುಗಳು 30ಕ್ಕೂ ಹೆಚ್ಚಿವೆ. ಅಷ್ಟನ್ನೂ ನೆನಪಿಡಬೇಕಿಲ್ಲ. ಜಾಸ್ತಿ ಜನರನ್ನು ಕಾಡುವವು ಎಂಟು.

ಮೊದಲ ನಾಲ್ಕು ಪೂರ್ತಿ ಗುಣವಾಗುವಂಥವು: ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾ ಮತ್ತು ಟ್ರೈಕೊಮೊನಿಯಾಸಿಸ್. ಮೊದಲ ಮೂರಕ್ಕೆ ಬ್ಯಾಕ್ಟೀರಿಯಾ ಕಾರಣ. ಕೊನೆಯದಕ್ಕೆ ಒಂದೇ ಜೀವಕೋಶದ ಪರಾವಲಂಬಿ ಜೀವಿ. ಸರಿಯಾದ ಔಷಧಿಯನ್ನು ಸರಿಯಾದಷ್ಟು ದಿನ ತೆಗೆದುಕೊಂಡರೆ ನಾಲ್ಕೂ ಹೋಗುತ್ತವೆ.

ಇನ್ನು ನಾಲ್ಕು ವೈರಸ್‌ಗಳು: ಯಕೃತ್ತನ್ನು ಕಾಡುವ ಹೆಪಟೈಟಿಸ್ ಬಿ, ಹರ್ಪಿಸ್, ಎಚ್‌ಐವಿ, ನರಹುಲಿಗೂ ಕೆಲವು ಕ್ಯಾನ್ಸರ್‌ಗಳಿಗೂ ಕಾರಣವಾಗುವ ಎಚ್‌ಪಿವಿ. ವೈರಸ್ ನಮ್ಮ ಜೀವಕೋಶದ ಒಳಗೇ ಹೊಕ್ಕು ಕೂರುತ್ತದೆ. ಆದ್ದರಿಂದ ಅದನ್ನು ಔಷಧಿಯಿಂದ ಹೊರಹಾಕುವುದು ಕಷ್ಟ. ಹರ್ಪಿಸ್‌ನ ಚಾಳಿ ನೋಡಿ. ಗುಳ್ಳೆ ಎದ್ದು, ಒಡೆದು, ವಾಸಿಯಾದ ಮೇಲೆ ಅದು ನರಕೋಶದೊಳಗೆ ಹೋಗಿ ಮಲಗುತ್ತದೆ. ಮೈ ಸೋತಾಗ, ಜ್ವರ ಬಂದಾಗ ಮತ್ತೆ ಎದ್ದು ಬರಬಹುದು. ಔಷಧಿಯಿಂದ ಅದನ್ನು ಹದ್ದಿನಲ್ಲಿಡಬಹುದು, ಒಕ್ಕಲೆಬ್ಬಿಸಲು ಆಗುವುದಿಲ್ಲ.

ಎಚ್‌ಐವಿ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಯಾಕೆಂದರೆ ಹಳೆಯ ಭಯ ಇನ್ನೂ ಹೋಗಿಲ್ಲ. ಈ ವೈರಸ್ ರೋಗನಿರೋಧಕ ಶಕ್ತಿಯನ್ನೇ ತಿನ್ನುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಬರುವ ಕೊನೆಯ ಹಂತವೇ ಏಡ್ಸ್. 1980ರ ದಶಕದಲ್ಲಿ ಇದಕ್ಕೆ ಒಳ್ಳೆಯ ಚಿಕಿತ್ಸೆ ಇರಲಿಲ್ಲ. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ವಿಧಾನ ಬಂತು. ಈಗ ತಪ್ಪದೆ ಔಷಧಿ ತೆಗೆದುಕೊಳ್ಳುವವರು ಓದಿ, ಕೆಲಸ ಮಾಡಿ, ಮದುವೆಯಾಗಿ, ಪೂರ್ತಿ ಆಯುಷ್ಯ ಬದುಕಬಲ್ಲರು. ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಇದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದ ಸಂಗತಿ.

ಹೇಗೆ ದಾಟುತ್ತವೆ, ಹೇಗೆ ದಾಟುವುದಿಲ್ಲ

ಇವಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ದೇಹದ ದ್ರವಗಳು: ವೀರ್ಯ, ಯೋನಿಯ ದ್ರವ, ರಕ್ತ. ಎಚ್‌ಐವಿ, ಗೊನೋರಿಯಾ, ಕ್ಲಮೀಡಿಯಾ, ಹೆಪಟೈಟಿಸ್ ಬಿ ಹೀಗೆ ಬರುತ್ತವೆ. ಇನ್ನೊಂದು, ಚರ್ಮಕ್ಕೆ ಚರ್ಮ ತಾಗುವುದು. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್‌ಗೆ ಇಷ್ಟೇ ಸಾಕು. ಯೋನಿಯ ಮೂಲಕ ಮಾತ್ರವಲ್ಲ, ಬಾಯಿ ಅಥವಾ ಗುದದ ಮೂಲಕ ನಡೆಯುವ ಸಂಪರ್ಕದಿಂದಲೂ ಸೋಂಕು ದಾಟುತ್ತದೆ. ‘ಅದರಿಂದ ಗರ್ಭ ನಿಲ್ಲುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ’ ಅನ್ನುವುದು ಹದಿಹರೆಯದವರಲ್ಲಿ ಓಡಾಡುವ ದೊಡ್ಡ ತಪ್ಪು ತಿಳುವಳಿಕೆ. ರೋಗಾಣುವಿಗೂ ಗರ್ಭಕ್ಕೂ ಸಂಬಂಧವಿಲ್ಲ. ಗರ್ಭನಿರೋಧಕ ಮಾತ್ರೆ ಒಂದೇ ಒಂದು ಸೋಂಕನ್ನೂ ತಡೆಯದಿರುವುದಕ್ಕೆ ಕಾರಣವೂ ಇದೇ.

ಸಂಪರ್ಕವಿಲ್ಲದೆಯೂ ಕೆಲವು ಸೋಂಕುಗಳು ಬರಬಹುದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ, ಸರಿಯಾಗಿ ಶುಚಿ ಮಾಡದ ಸೂಜಿಯಲ್ಲಿ ಹಚ್ಚೆ ಹಾಕಿದರೆ, ತಾಯಿಗೆ ಸೋಂಕಿದ್ದು ಮಗುವಿಗೆ ದಾಟಿದರೆ. ರೇಜರ್ ಹಂಚಿಕೊಂಡರೆ ಹೆಪಟೈಟಿಸ್ ಬಿ ಬರಬಹುದು. ಆದ್ದರಿಂದ ಒಬ್ಬರಿಗೆ ಇಂಥ ಸೋಂಕು ಇದೆ ಅಂದ ಮಾತ್ರಕ್ಕೆ ಅವರ ನಡತೆಯ ಬಗ್ಗೆ ತೀರ್ಪು ಕೊಡುವುದು ಅನ್ಯಾಯ. ಹುಟ್ಟುವಾಗಲೇ ಪಡೆದುಕೊಂಡು ಬಂದವರೂ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತಿರಬಹುದು.

ಬರದಿರುವ ದಾರಿಗಳೂ ಗೊತ್ತಿರಲಿ. ಒಟ್ಟಿಗೆ ಊಟ ಮಾಡುವುದು, ಕೈ ಕುಲುಕುವುದು, ಅಪ್ಪಿಕೊಳ್ಳುವುದು, ಒಂದೇ ಶೌಚಾಲಯ, ಒಂದೇ ಈಜುಕೊಳ ಬಳಸುವುದು, ಇವುಗಳಿಂದ ಎಚ್‌ಐವಿ ಬರುವುದಿಲ್ಲ. ಸೊಳ್ಳೆ ಕಚ್ಚಿದರೂ ಬರುವುದಿಲ್ಲ. ಹರ್ಪಿಸ್‌ನಂಥ ಒಂದೆರಡು ಮಾತ್ರ ಮುತ್ತಿನಿಂದಲೂ ದಾಟಬಲ್ಲವು, ಅದರಲ್ಲೂ ತುಟಿಯ ಮೇಲೆ ಗುಳ್ಳೆ ಇದ್ದಾಗ.

ಹದಿಹರೆಯದಲ್ಲಿ ಅಪಾಯ ಯಾಕೆ ಜಾಸ್ತಿ?

ಹುಡುಗಿಯರ ವಿಷಯದಲ್ಲಿ ಇದಕ್ಕೆ ದೇಹದ್ದೇ ಒಂದು ಕಾರಣವಿದೆ. ಗರ್ಭಕೋಶದ ಬಾಯಿಯ ಒಳಭಾಗದಲ್ಲಿ ಒಂದು ಬಗೆಯ ನಾಜೂಕು ಜೀವಕೋಶಗಳ ಪದರವಿದೆ. ದೊಡ್ಡವರಾಗುತ್ತಾ ಅದರ ಹೊರಭಾಗವನ್ನು ಗಟ್ಟಿಯಾದ ಪದರ ಮುಚ್ಚುತ್ತದೆ. ಹದಿಹರೆಯದಲ್ಲಿ ಈ ಕೆಲಸ ಇನ್ನೂ ಮುಗಿದಿರುವುದಿಲ್ಲ, ನಾಜೂಕು ಪದರ ಹೊರಗೂ ಹರಡಿಕೊಂಡಿರುತ್ತದೆ. ಕ್ಲಮೀಡಿಯಾದಂಥ ಬ್ಯಾಕ್ಟೀರಿಯಾಗೆ ಅಂಟಿಕೊಳ್ಳಲು ಅದು ಅನುಕೂಲ.

ಉಳಿದ ಕಾರಣಗಳು ಹುಡುಗ, ಹುಡುಗಿ ಇಬ್ಬರಿಗೂ ಒಂದೇ. ಯಾರನ್ನು ಕೇಳುವುದು ಅಂತ ಗೊತ್ತಿಲ್ಲ. ಒಬ್ಬರೇ ಆಸ್ಪತ್ರೆಗೆ ಹೋಗಲು ಭಯ. ಕಾಂಡೋಮ್ ಕೇಳಲು ಸಂಕೋಚ. ಸಂಗಾತಿಗೆ ‘ಬೇಡ’ ಅನ್ನಲು ಮುಲಾಜು. ಇದರ ಜೊತೆಗೆ ಕುಡಿತವೂ ಸೇರಿದರೆ, ಬೆಳಗ್ಗೆ ಮಾಡಿಕೊಂಡ ನಿರ್ಧಾರ ರಾತ್ರಿ ಉಳಿಯುವುದಿಲ್ಲ.

ಹೀಗೆ ಸುಮ್ನೆ ಇದ್ದದ್ದಕ್ಕೆ ತೆರಬೇಕಾದ ಬೆಲೆ ಮುಂದೆ ಗೊತ್ತಾಗುತ್ತದೆ. ಕ್ಲಮೀಡಿಯಾ, ಗೊನೋರಿಯಾ ಗರ್ಭಕೋಶದಿಂದ ಮೇಲಕ್ಕೆ ಹತ್ತಿ, ಅಂಡಾಣು ಬರುವ ಗರ್ಭನಾಳದಲ್ಲಿ ಗಾಯ ಮಾಡಬಲ್ಲವು. ಗಾಯ ಮಾಯ್ದರೂ ಕಲೆ ಉಳಿಯುತ್ತದೆ. ಕಲೆಯಿಂದ ನಾಳ ಕಟ್ಟಿಕೊಂಡರೆ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಇಲ್ಲವೇ ಗರ್ಭ ಗರ್ಭಕೋಶಕ್ಕೆ ಬಾರದೆ ನಾಳದಲ್ಲೇ ನಿಂತು ಜೀವಕ್ಕೇ ಅಪಾಯವಾಗಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ತಮಗೆ ಹಿಂದೆಂದೋ ಕ್ಲಮೀಡಿಯಾ ಬಂದಿತ್ತು ಅನ್ನುವುದು ತಿಳಿಯುವುದೇ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗ.

ಮೈ ಏನಾದರೂ ಹೇಳುತ್ತಿದೆಯಾ?

ಮೂತ್ರ ಮಾಡುವಾಗ ಉರಿ. ಶಿಶ್ನದಿಂದ ಕೀವಿನಂಥ ದ್ರವ. ಯೋನಿಯಿಂದ ಬಣ್ಣ, ವಾಸನೆ ಬದಲಾದ ಸ್ರಾವ. ಜನನಾಂಗ, ಗುದ, ಬಾಯಿಯ ಸುತ್ತ ಹುಣ್ಣು, ಗುಳ್ಳೆ, ನರಹುಲಿ. ತೊಡೆಸಂದಿಯಲ್ಲಿ ಗಂಟು. ಕೆಳಹೊಟ್ಟೆಯಲ್ಲಿ ಬಿಡದ ನೋವು. ಮುಟ್ಟಿನ ದಿನಗಳಲ್ಲದೆ ನಡುವೆ ರಕ್ತ. ವೃಷಣದಲ್ಲಿ ನೋವು, ಊತ. ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರಂತೂ ಒಂದು ಗಂಟೆಯೂ ಕಾಯಬೇಡಿ, ಅದು ಸೋಂಕಲ್ಲದೆ ಬೇರೆ ತುರ್ತು ಸಮಸ್ಯೆಯೂ ಆಗಿರಬಹುದು.

ಹಾಗಂತ ಎಲ್ಲವೂ ಲೈಂಗಿಕ ಸೋಂಕಲ್ಲ. ಯಾರ ಜೊತೆಗೂ ಸಂಪರ್ಕವೇ ಇಲ್ಲದ ಎಷ್ಟೋ ಮಕ್ಕಳು ಸುಮ್ನೆ ಭಯಪಟ್ಟು ನಿದ್ದೆಗೆಡುತ್ತಾರೆ. ತಿಂಗಳ ಬೇರೆ ಬೇರೆ ದಿನಗಳಲ್ಲಿ ಸ್ವಲ್ಪ ಬಿಳಿಸೆರಗು ಹೋಗುವುದು ಸಹಜ. ಮೊಸರು ಒಡೆದಂಥ ಸ್ರಾವ ಮತ್ತು ತುರಿಕೆ ಸಾಮಾನ್ಯವಾಗಿ ಶಿಲೀಂಧ್ರದ ತೊಂದರೆ, ಅದಕ್ಕೆ ಸಂಪರ್ಕ ಬೇಕಿಲ್ಲ. ಉರಿಮೂತ್ರವೂ ಸಂಪರ್ಕವಿಲ್ಲದೆ ಬರಬಹುದು. ಹುಡುಗರಿಗೆ ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆಯಲ್ಲ, ಹಸ್ತಮೈಥುನದಿಂದ ಯಾವ ಲೈಂಗಿಕ ಸೋಂಕೂ ಬರುವುದಿಲ್ಲ. ಈ ಭಯವನ್ನೇ ಬಂಡವಾಳ ಮಾಡಿಕೊಂಡು ‘ಗುಪ್ತ ಚಿಕಿತ್ಸೆ’ ಕೊಡುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.

ತಡೆಯುವುದು: ಕಾಯುವುದು, ಲಸಿಕೆ, ಕಾಂಡೋಮ್

ಲೈಂಗಿಕ ಸಂಪರ್ಕ ಮಾಡದಿರುವುದೇ ಇವನ್ನು ದೂರವಿಡುವ ಅತ್ಯಂತ ಖಚಿತ ದಾರಿ. ಕಾಯುತ್ತೇನೆ ಅನ್ನುವುದು ಹಿಂದುಳಿದವರ ಮಾತಲ್ಲ. ನಿನ್ನೆ ಹೂಂ ಅಂದವರು ಇವತ್ತು ಬೇಡ ಅನ್ನಬಹುದು, ಅದಕ್ಕೆ ಕಾರಣ ಕೊಡಬೇಕಿಲ್ಲ. ‘ಪ್ರೀತಿ ಇದ್ದರೆ ಒಪ್ಪಿಕೋ’ ಅನ್ನುವವರು ಪ್ರೀತಿಯ ಮಾತಾಡುತ್ತಿಲ್ಲ, ಒತ್ತಾಯ ಮಾಡುತ್ತಿದ್ದಾರೆ. ಯಾವ ವಯಸ್ಸಿನ ಒಪ್ಪಿಗೆಗೆ ಬೆಲೆಯಿದೆ ಅನ್ನುವುದಕ್ಕೆ ಕಾನೂನೂ ಇರುತ್ತದೆ. ಅದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಲಸಿಕೆ. ಹದಿಹರೆಯದವರಿಗೆಂದೇ ಹೇಳಿ ಮಾಡಿಸಿದ ಕಾಪು ಇದು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಹೆಚ್ಚಿನವು ಬಂದದ್ದೂ ಗೊತ್ತಾಗದೆ ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ. ಕೆಲವು ಬಿಡದೆ ಉಳಿದುಕೊಳ್ಳುತ್ತವೆ. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ 16 ಮತ್ತು 18ನೇ ಬಗೆಗಳೇ ಕಾರಣ. ಈ ವೈರಸ್‌ಗೂ ಆ ಕ್ಯಾನ್ಸರ್‌ಗೂ ಇರುವ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಮೊದಲ ಲಸಿಕೆ ಅದಕ್ಕೂ ಮುಂಚೆ, 2006ರಲ್ಲೇ ಬಳಕೆಗೆ ಬಂದಿತ್ತು.

ಈ ಲಸಿಕೆ ಕೊಡಲು ತಕ್ಕ ವಯಸ್ಸು 9ರಿಂದ 14. ‘ಇಷ್ಟು ಚಿಕ್ಕ ಮಕ್ಕಳಿಗೆ ಈಗಲೇ ಯಾಕೆ?’ ಅಂತ ಅಪ್ಪ ಅಮ್ಮ ಕೇಳುವುದುಂಟು. ಮಳೆ ಬರುವ ಮುಂಚೆ ಸೂರು ಸರಿಮಾಡುತ್ತೇವಲ್ಲ, ಅದೇ ಲೆಕ್ಕ. ವೈರಸ್ ಮೈ ಸೇರುವ ಮೊದಲು ಕೊಟ್ಟರೆ ಕಾಪು ಪೂರ್ತಿ. ಬಂದ ಮೇಲೆ ಕೊಟ್ಟರೆ ಆಗಲೇ ಇರುವ ಸೋಂಕನ್ನು ಅದು ತೆಗೆಯಲಾರದು. ಈ ವಯಸ್ಸಿನಲ್ಲಿ ಮೈ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ ಕೂಡ. ಹುಡುಗರಿಗೂ ಇದು ಉಪಯೋಗ, ಜನನಾಂಗದ ನರಹುಲಿ, ಗಂಟಲು, ಗುದದ ಕೆಲವು ಕ್ಯಾನ್ಸರ್‌ಗಳಿಗೂ ಎಚ್‌ಪಿವಿ ಕಾರಣ. ಹೆಪಟೈಟಿಸ್ ಬಿಗೂ ಲಸಿಕೆ ಇದೆ, ಹುಟ್ಟಿದ ಕೂಡಲೇ ಶುರುಮಾಡುವಂಥದ್ದು. ನಿಮ್ಮ ಲಸಿಕೆಯ ಚೀಟಿ ಮನೆಯಲ್ಲಿ ಎಲ್ಲಿದೆ ಅಂತ ಕೇಳಿ ನೋಡಿ. ತಪ್ಪಿಹೋಗಿದ್ದರೆ ಈಗಲೂ ಹಾಕಿಸಬಹುದು.

ಕಾಂಡೋಮ್ ವಿಷಯಕ್ಕೆ ಬರೋಣ. ಇದು ಇವತ್ತೇ ಬೇಕಾಗುವ ಮಾಹಿತಿ ಅಲ್ಲದಿರಬಹುದು. ಆದರೂ ತಿಳಿದಿರಲಿ. ಪ್ರತಿ ಸಲವೂ, ಶುರುವಿನಿಂದ ಕೊನೆಯವರೆಗೂ ಸರಿಯಾಗಿ ಬಳಸಿದರೆ ಎಚ್‌ಐವಿ ಸೇರಿದಂತೆ ಹೆಚ್ಚಿನ ಸೋಂಕುಗಳನ್ನು ಚೆನ್ನಾಗಿ ತಡೆಯುತ್ತದೆ. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಅದು ಮುಚ್ಚದ ಚರ್ಮದಿಂದಲೂ ದಾಟಬಹುದು, ಅಲ್ಲಿ ರಕ್ಷಣೆ ಸ್ವಲ್ಪ ಕಡಿಮೆ.

ಪೊಟ್ಟಣ ತೆರೆಯುವ ಮುಂಚೆಯೇ ನೋಡಬೇಕಾದ್ದಿದೆ. ಅವಧಿ ಮುಗಿಯುವ ತಾರೀಖು ಓದಿ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ, ಒಳಗೆ ಗಾಳಿಯ ಮೆತ್ತೆ ಸಿಗಬೇಕು. ಗಾಳಿ ಇಲ್ಲದಿದ್ದರೆ ಪೊಟ್ಟಣ ಎಲ್ಲೋ ತೂತಾಗಿದೆ, ಬಿಸಾಡಿ. ಹಲ್ಲು, ಕತ್ತರಿ, ಉಗುರಿನಿಂದ ಹರಿಯಬಾರದು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮೈಯ ಬಿಸಿ, ಉಜ್ಜಾಟಕ್ಕೆ ರಬ್ಬರ್ ಹಾಳಾಗುತ್ತದೆ. ಎಣ್ಣೆ, ವ್ಯಾಸಲೀನ್ ತಾಗಿದರೆ ಲ್ಯಾಟೆಕ್ಸ್ ಬಲ ಕಳೆದುಕೊಳ್ಳುತ್ತದೆ. ಎರಡು ಒಟ್ಟಿಗೆ ಹಾಕಿದರೆ ಜಾಸ್ತಿ ಭದ್ರ ಅಂದುಕೊಳ್ಳಬೇಡಿ, ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಒಂದು ಸಲಕ್ಕೆ ಒಂದು.

ಪರೀಕ್ಷೆ ಯಾವಾಗ ಮಾಡಿಸಬೇಕು?

ಬಿತ್ತಿದ ಮಾರನೇ ದಿನ ಹೊಲಕ್ಕೆ ಹೋದರೆ ಮೊಳಕೆ ಕಾಣುತ್ತದಾ? ಸೋಂಕಿನ ಪರೀಕ್ಷೆಯೂ ಹಾಗೇ. ರೋಗಾಣು ಒಳಗೆ ಹೋದರೂ ಪರೀಕ್ಷೆಗೆ ಸಿಗುವಷ್ಟು ಬೆಳೆಯಲು, ಇಲ್ಲವೇ ಮೈ ಅದರ ವಿರುದ್ಧ ಹೋರಾಡುವ ಪ್ರತಿಕಾಯ ಅನ್ನುವ ಪ್ರೋಟೀನ್ ತಯಾರಿಸಲು ಸಮಯ ಬೇಕು. ಈ ನಡುವಿನ ಕಾಲವನ್ನು ವೈದ್ಯರು ವಿಂಡೋ ಪೀರಿಯಡ್ ಅನ್ನುತ್ತಾರೆ. ಆಗ ಪರೀಕ್ಷೆ ಮಾಡಿದರೆ ಸೋಂಕಿದ್ದರೂ ‘ಇಲ್ಲ’ ಅಂತ ಬರಬಹುದು. ಕ್ಲಮೀಡಿಯಾ, ಗೊನೋರಿಯಾಗೆ ಸುಮಾರು ಎರಡು ವಾರ ಬೇಕು. ಎಚ್‌ಐವಿಗೆ ಪರೀಕ್ಷೆಯ ಬಗೆ ನೋಡಿಕೊಂಡು ಲೆಕ್ಕ. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ಈಗಿನ ಪರೀಕ್ಷೆಗೆ 45 ದಿನಗಳವರೆಗೆ, ಪ್ರತಿಕಾಯ ಮಾತ್ರ ಹುಡುಕುವ ಪರೀಕ್ಷೆಗೆ 90 ದಿನಗಳವರೆಗೆ.

ಪರೀಕ್ಷೆ ಅಂದ ಕೂಡಲೇ ಬಟ್ಟೆ ಬಿಚ್ಚಿಸುತ್ತಾರೆ ಅನ್ನುವ ಭಯ ಹಲವರಿಗೆ. ಎಷ್ಟೋ ಸಲ ಒಂದು ಸಣ್ಣ ಡಬ್ಬಿಯಲ್ಲಿ ಮೂತ್ರ, ಒಂದು ಸಿರಿಂಜ್ ರಕ್ತ, ಅಷ್ಟೇ. ಕ್ಲಮೀಡಿಯಾ ಪರೀಕ್ಷೆಗೆ ಮೂತ್ರದ ಮೊದಲ ಧಾರೆಯನ್ನೇ ಹಿಡಿಯಬೇಕು, ರೋಗಾಣು ಸಿಗುವುದು ಅದರಲ್ಲಿ. ಅದಕ್ಕೆ ಒಂದು ಗಂಟೆ ಮೊದಲಿನಿಂದ ಮೂತ್ರ ಮಾಡದೆ ಹೋಗುವುದು ಒಳ್ಳೆಯದು.

ವೈದ್ಯರ ಎದುರು ಮಾತು ಹೊರಡದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ‘ನನಗೆ ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಬೇಕು. ನಿಮ್ಮ ಹತ್ತಿರ ಒಬ್ಬಳೇ ಮಾತಾಡಬಹುದಾ? ಇದನ್ನು ಯಾರಿಗೆಲ್ಲ ತಿಳಿಸುತ್ತೀರಿ?’ ಕೊನೆಯ ಪ್ರಶ್ನೆಯನ್ನು ಮೊದಲೇ ಕೇಳಿ. ಆಮೇಲೆ ಕೂತು ಆತಂಕಪಡಬೇಕಾಗಿಲ್ಲ.

ಗಡಿಯಾರ ನೋಡಬೇಕಾದ ಸಂದರ್ಭ

ಕಾಂಡೋಮ್ ಹರಿಯಿತು, ಇಲ್ಲವೇ ಯಾರೋ ಬಲವಂತ ಮಾಡಿದರು. ಆಗ ವಾರ ಕಾಯುವಂತಿಲ್ಲ. ಎಚ್‌ಐವಿ ತಡೆಯುವ ಪೆಪ್ ಅನ್ನುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಬಲವಂತ ನಡೆದಿದ್ದರೆ ತಪ್ಪು ಮಾಡಿದವರದ್ದು, ನಿಮ್ಮದು ಎಳ್ಳಷ್ಟೂ ಇಲ್ಲ. ನಂಬಿಕೆಯ ಒಬ್ಬ ದೊಡ್ಡವರಿಗೆ ಹೇಳಿ, ಅವರನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಮನೆಯ ದೊಡ್ಡವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಮಗು ಬಂದು ಹೇಳಿದ ಆ ಗಳಿಗೆಯಲ್ಲಿ ‘ನೀನು ಅಲ್ಲಿಗೆ ಯಾಕೆ ಹೋದೆ’ ಅಂತ ಕೇಳಬೇಡಿ. ಚಪ್ಪಲಿ ಹಾಕಿಕೊಂಡು ಹೊರಡಿ.

ಸೋಂಕು ಇದೆ ಅಂತ ಬಂದರೆ

ಔಷಧಿ ಕೊಟ್ಟಷ್ಟು ದಿನವೂ ನುಂಗಿ. ಉರಿ ನಿಂತಿತು ಅಂತ ನಡುವೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಚಿಗುರಬಹುದು. ಗೆಳೆಯರಿಗೆ ಕೊಟ್ಟಿದ್ದ ಮಾತ್ರೆಯನ್ನೇ ನೀವೂ ತಂದು ನುಂಗಬೇಡಿ. ಗೊನೋರಿಯಾ ಬ್ಯಾಕ್ಟೀರಿಯಾ ಹೀಗೆ ಅರೆಬರೆ, ತಪ್ಪು ಔಷಧಿಗಳಿಗೆ ಪಳಗಿ ಪಳಗಿ, ಹಿಂದೆ ಕೆಲಸ ಮಾಡುತ್ತಿದ್ದ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಈಗ ಬಗ್ಗುವುದೇ ಇಲ್ಲ.

ಸಂಗಾತಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ನಿಮ್ಮೊಬ್ಬರಿಗೇ ಚಿಕಿತ್ಸೆಯಾಗಿ ಅವರಿಗೆ ಆಗದಿದ್ದರೆ ಸೋಂಕು ನಿಮಗೇ ವಾಪಸ್ ಬರುತ್ತದೆ. ಯಾರಿಂದ ಬಂತು ಅನ್ನುವ ಜಗಳಕ್ಕೆ ಇಳಿಯಬೇಡಿ. ಲಕ್ಷಣವೇ ಇಲ್ಲದ ಸೋಂಕು ಯಾವಾಗ ಬಂತು ಅಂತ ಹೇಳುವುದು ಎಷ್ಟೋ ಸಲ ಸಾಧ್ಯವೇ ಇಲ್ಲ. ಇಷ್ಟು ಹೇಳಿದರೂ ಸಾಕು: ‘ನನಗೆ ಪರೀಕ್ಷೆಯಲ್ಲಿ ಕ್ಲಮೀಡಿಯಾ ಬಂದಿದೆ. ಔಷಧಿ ಶುರುಮಾಡಿದ್ದೀನಿ. ನಿನಗೂ ಇರಬಹುದು, ಏನೂ ಅನ್ನಿಸದಿದ್ದರೂ ಪರೀಕ್ಷೆ ಮಾಡಿಸ್ಕೋ.’ ಎದುರು ನಿಂತು ಹೇಳಲು ಭಯವಿದ್ದರೆ ಮೆಸೇಜ್ ಕಳಿಸಿ. ಹೇಳಿದರೆ ಹೊಡೆಯುತ್ತಾರೆ, ಬೆದರಿಸುತ್ತಾರೆ ಅನ್ನುವ ಅನುಮಾನವಿದ್ದರೆ ನೀವೇ ಹೇಳಬೇಡಿ, ವೈದ್ಯರ ಸಹಾಯ ಕೇಳಿ.

ಇಬ್ಬರ ಚಿಕಿತ್ಸೆಯೂ ಮುಗಿದು ವೈದ್ಯರು ಸರಿ ಅನ್ನುವವರೆಗೆ ಸಂಪರ್ಕ ಬೇಡ. ಕ್ಲಮೀಡಿಯಾ, ಗೊನೋರಿಯಾ ಆಗಿದ್ದರೆ ಸುಮಾರು ಮೂರು ತಿಂಗಳಿಗೆ ಇನ್ನೊಂದು ಪರೀಕ್ಷೆ ಮಾಡಿಸಬೇಕು, ಮತ್ತೆ ತಗಲುವುದು ಅಷ್ಟು ಸಾಮಾನ್ಯ. ಆ ತಾರೀಖನ್ನು ಆಸ್ಪತ್ರೆಯಿಂದ ಹೊರಬರುವ ಮುಂಚೆಯೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಯಾರಾದರೂ ನೋಡಿಯಾರು ಅನ್ನಿಸಿದರೆ ‘ಡಾಕ್ಟರ್’ ಅಂತಷ್ಟೇ ಬರೆದರಾಯ್ತು.